ಡೆಸ್ಕ್‌ಟಾಪ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕುವುದು: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯ ರೈಸ್ ಮಿಲ್ಲಿನ ಲೆಕ್ಕದ ಕಂಪ್ಯೂಟರ್, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಡಿಸೈನ್ ಫೈಲುಗಳು, ರಾಯಚೂರಿನ ಸ್ಟುಡಿಯೋದಲ್ಲಿ ಮದುವೆ ಸೀಸನ್ನಿನ ವಿಡಿಯೊ. ಇವೆಲ್ಲ ಬೇಗ ತುಂಬುವಂಥವು. ತುಂಬಿದಾಗ ಬರುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಕೂಡಿಸಿದ್ದೇವೆ. ಡಿಸ್ಕ್ ಕೂರಿಸುವುದು ಅರ್ಧ ಗಂಟೆಯ ಕೆಲಸ. ಡಿಸ್ಕ್ ಅಥವಾ ಡೇಟಾ ಹಾಳಾಗುವುದು ಹೆಚ್ಚಾಗಿ ಕರೆಂಟಿನಿಂದ, ಇಲ್ಲವೇ ಅವಸರದಿಂದ. ಹಾಗಾಗಿ ಆ ಎರಡು ವಿಷಯಗಳಲ್ಲಿ ಉತ್ತರಗಳು ಸ್ವಲ್ಪ ಉದ್ದವಾಗಿಯೇ ಇವೆ.

## ಬಿಚ್ಚುವ ಮುಂಚೆ

ನಮ್ಮ ಸಿಪಿಯುನಾಗ ಇನ್ನೊಂದು ಹಾರ್ಡ್ ಡಿಸ್ಕ್ ಹಿಡಿತೈತಿಲ್ಲೋ, ಹೆಂಗ್ ಗೊತ್ತಾಗಬೇಕ್ರಿ?

ಪಕ್ಕದ ಮುಚ್ಚಳ ತೆಗೆದು ಮೂರು ಕಡೆ ನೋಡಿ. ಕ್ಯಾಬಿನೆಟ್‌ನಲ್ಲಿ ಡಿಸ್ಕ್ ಕೂರುವ ಖಾಲಿ ಗೂಡು ಇದೆಯೇ, ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್ (ಡಿಸ್ಕಿನ ಡೇಟಾ ಕೇಬಲ್ ಸಿಕ್ಕಿಸುವ ಜಾಗ) ಇದೆಯೇ, ಎಸ್‌ಎಂಪಿಎಸ್‌ನಿಂದ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿಯಿಂದ, ಬಂದ ವೈರುಗಳಲ್ಲಿ ಚಪ್ಪಟೆಯಾದ 15 ಪಿನ್ನಿನ ಸಾಟಾ ಪವರ್ ಕನೆಕ್ಟರ್ ಉಳಿದಿದೆಯೇ. ಮೂರೂ ಇದ್ದರೆ ಡಿಸ್ಕ್ ಜೊತೆಗೆ ಒಂದು ಸಾಟಾ ಡೇಟಾ ಕೇಬಲ್ ಕೊಂಡರೆ ಸಾಕು. ಬಿಡಿಯಾಗಿ ಮಾರುವ ಡಿಸ್ಕ್ ಜೊತೆ ಕೇಬಲ್, ಸ್ಕ್ರೂ ಬರುವುದಿಲ್ಲ. ಅಂಗಡಿಯಲ್ಲೇ ಕೇಳಿ ತನ್ನಿ. ತುದಿಯಲ್ಲಿ ಲೋಹದ ಲಾಕ್ ಇರುವ, ಅರ್ಧ ಮೀಟರ್ ಉದ್ದದ ಕೇಬಲ್ ಒಳ್ಳೆಯದು.

ಅಗಲವಾದ 40 ಪಿನ್ನಿನ ಪಟ್ಟಿ ಕೇಬಲ್ ಕಂಡರೆ ಅದು ಸಾಟಾಕ್ಕೂ ಹಿಂದಿನ ಐಡಿಇ ಕಾಲದ ಯಂತ್ರ. ಅದಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿರುವ ಡೇಟಾ ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಯಾವುದು ತಗೊಳ್ಳೋದು, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿನೋ?

ಕಂಪ್ಯೂಟರ್ ನಿಧಾನ ಅನ್ನುವುದು ನಿಮ್ಮ ತೊಂದರೆಯಾದರೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಡೇಟಾ ಇಡುವ ಡ್ರೈವ್. ಜಾಗ ಸಾಲದು ಅನ್ನುವುದಾದರೆ 3.5 ಇಂಚಿನ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ ಬಗೆಯದೋ ಎಸ್‌ಎಂಆರ್ ಬಗೆಯದೋ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಗೆರೆಗಳು ಬೇರೆ ಬೇರೆಯಾಗಿರುತ್ತವೆ, ಎಸ್‌ಎಂಆರ್‌ನಲ್ಲಿ ಒಂದರ ಮೇಲೊಂದು ಸ್ವಲ್ಪ ಹಾಸಿಕೊಂಡಿರುತ್ತವೆ. ಒಮ್ಮೆ ತುಂಬಿಸಿ ಇಡುವ ಫೋಟೊಗಳಿಗೆ ಅಡ್ಡಿಯಿಲ್ಲ. ಆದರೆ ದಿನವೂ ಅದರ ಮೇಲೇ ವಿಡಿಯೊ ಎಡಿಟ್ ಮಾಡಿದರೆ ಬರೆಯುವ ವೇಗ ನಡುವೆ ಕುಸಿಯುತ್ತದೆ.

ನಮ್ಮ ಕಡೆ ಅಂಗಡಿ, ಕಚೇರಿಗಳಲ್ಲಿ ಇನ್ನೂ ಇಂಟೆಲ್‌ನ ಎಚ್61, ಎಚ್81 ಚಿಪ್‌ಸೆಟ್‌ನ ಹಳೆಯ ಮದರ್‌ಬೋರ್ಡುಗಳು ಓಡುತ್ತಿವೆ. ಇವುಗಳಲ್ಲಿ ಸಾಮಾನ್ಯವಾಗಿ ಎಂ.2 ಸ್ಲಾಟ್ (ಪಟ್ಟಿಯಾಕಾರದ ಎಸ್‌ಎಸ್‌ಡಿಯನ್ನು ನೇರವಾಗಿ ಬೋರ್ಡಿಗೇ ಸಿಕ್ಕಿಸುವ ಜಾಗ) ಇರುವುದಿಲ್ಲ, 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಬೇಕು. ಎಚ್81ರಲ್ಲಿ ಎರಡು ಸಾಟಾ ಪೋರ್ಟ್ ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಎರಡು 3 ಗಿಗಾಬಿಟ್. ಎಸ್‌ಎಸ್‌ಡಿಯನ್ನು 6ಕ್ಕೆ, ಹಾರ್ಡ್ ಡಿಸ್ಕನ್ನು 3ಕ್ಕೆ ಹಾಕಿ. ತಿರುಗುವ ಡಿಸ್ಕಿಗೆ 3 ಧಾರಾಳ ಸಾಕು.

ಹೊಸಾದು ಅಂತ ಕೊಟ್ಟಾರ. ಹಳೇದಲ್ಲಾಂತ ಹೆಂಗ್ ನಂಬೋದು?

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತನ್ನಿ, ಹೈದರಾಬಾದಿನಿಂದ ತನ್ನಿ, ಆನ್‌ಲೈನಲ್ಲಿ ತರಿಸಿ, ಡೇಟಾ ತುಂಬುವ ಮುಂಚೆ ಎರಡು ಪರೀಕ್ಷೆ ಮಾಡಲೇಬೇಕು. ಮೊದಲನೆಯದು, ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದ ವಾರಂಟಿ ಪುಟದಲ್ಲಿ ಹಾಕಿ. ವಾರಂಟಿ ಮುಗಿದಿದೆ ಅಂತಲೋ, ಈ ಡಿಸ್ಕನ್ನು ಕಂಪ್ಯೂಟರ್ ಕಂಪನಿಗೆ ಮಾರಲಾಗಿತ್ತು ಅಂತಲೋ ಬಂದರೆ ಹಿಂದಿರುಗಿಸಿ. ಎರಡನೆಯದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ಓಡಿದ ಗಂಟೆಗಳನ್ನು ನೋಡಿ. ಹೊಸದಾದರೆ ಸೊನ್ನೆ ಅಥವಾ ಒಂದೆರಡು ಇರಬೇಕು. ಈ ಲೆಕ್ಕವನ್ನು ಅಳಿಸಿ ಮಾರುವವರೂ ಇದ್ದಾರೆ. ಅದಕ್ಕೇ ವಾರಂಟಿ ಪುಟದ ಮಾತೇ ಹೆಚ್ಚು ಗಟ್ಟಿ.

ಈಗ ಇರೋ ಡೇಟಾಕ್ಕೆ ಏನರ ಆಗತೈತೇನ್ರಿ?

ಇನ್ನೊಂದು ಡಿಸ್ಕ್ ಜೋಡಿಸಿದ್ದರಿಂದ ಮಾತ್ರ ಹಳೆಯದರ ಒಂದು ಫೈಲೂ ಹೋಗುವುದಿಲ್ಲ. ಹೋಗುವುದು, ಫಾರ್ಮ್ಯಾಟ್ ಮಾಡುವಾಗ ತಪ್ಪು ಡಿಸ್ಕ್ ಆರಿಸಿದರೆ. ಆದ್ದರಿಂದ ಟ್ಯಾಲಿ ಡೇಟಾ, ಮಕ್ಕಳ ಫೋಟೊ, ಗಿರಾಕಿಗಳ ಕೆಲಸ, ಇವನ್ನು ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ, ಅದರಿಂದ ಎರಡು ಫೈಲ್ ತೆರೆದು ನೋಡಿದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಿರಿ.

ವಿಂಡೋಸ್ 11 ಇದ್ದರೆ ಇನ್ನೊಂದು ಕೆಲಸ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವ ಎಷ್ಟೋ ಯಂತ್ರಗಳಲ್ಲಿ, ನೀವು ಕೇಳದಿದ್ದರೂ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಡೇಟಾಕ್ಕೆ ಬೀಗ ಬಿದ್ದಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಏನಾದರೂ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮೊದಲೇ ನಿಮ್ಮ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಡಿ.

ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತಿ. ಹಂಗೇ ಬಿಚ್ಚಬಹುದಾ?

ಬೇಡ. ಅದು ಅರ್ಥಿಂಗ್ ಇಲ್ಲ ಅನ್ನುವ ಗುರುತು.

ಎಸ್‌ಎಂಪಿಎಸ್‌ಗೆ ಕರೆಂಟ್ ಬರುವ ಬಾಯಲ್ಲೇ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ. ಅರ್ಥ್ ಸರಿಯಿದ್ದರೆ ಅವುಗಳಿಂದ ಸೋರುವ ಅಲ್ಪಸ್ವಲ್ಪ ಕರೆಂಟ್ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಅರ್ಧ, ಅಂದರೆ ಸುಮಾರು 115 ವೋಲ್ಟ್ ಕ್ಯಾಬಿನೆಟ್ ಮೇಲೆ ನಿಂತಿರುತ್ತದೆ. ಟೆಸ್ಟರ್ ಇಟ್ಟರೆ ಮಿಣಮಿಣ ಉರಿಯುವುದು ಇದಕ್ಕೇ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಜುಮ್ಮೆನ್ನುತ್ತದೆ ಅಷ್ಟೆ. ಆದರೆ ಟಿವಿ ಕೇಬಲ್ಲೋ ಪ್ರಿಂಟರೋ ಸಿಕ್ಕಿಸುವ ಗಳಿಗೆಯಲ್ಲಿ ಅದೇ ವೋಲ್ಟೇಜ್ ಪೋರ್ಟುಗಳನ್ನು ಸುಡಬಲ್ಲದು. ಜುಮ್ಮೆನ್ನುವುದಷ್ಟೇ ಅಲ್ಲ, ಕೈ ಎಳೆದುಕೊಳ್ಳುವಷ್ಟು ಹೊಡೆದರೆ ಎಸ್‌ಎಂಪಿಎಸ್ ಒಳಗೇ ದೋಷವಿದೆ, ಅಂಥ ಯಂತ್ರವನ್ನು ಚಾಲೂ ಮಾಡಲೇಬೇಡಿ.

ಮೊದಲು ನೋಡಬೇಕಾದ್ದು ಎಕ್ಸ್‌ಟೆನ್ಷನ್ ಬಾಕ್ಸ್. ಮೂರು ಪಿನ್ನಿನ ಸಾಕೆಟ್ ಇದ್ದೂ ಒಳಗೆ ಎರಡೇ ವೈರ್ ಇರುವ ಅಗ್ಗದ ಬಾಕ್ಸುಗಳು ಬಹಳ. ಅದನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದಾಗ ಜುಮ್ಮೆನ್ನುವುದು ನಿಂತರೆ ಬಾಕ್ಸಿನದೇ ತಪ್ಪು. ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಮನೆಯ ಅರ್ಥ್ ಗುಂಡಿ ಉಪ್ಪು, ಇದ್ದಿಲು ತುಂಬಿದ ಹಳೆ ಬಗೆಯದಾದರೆ ಮಾರ್ಚ್‌ನಿಂದ ಮೇ ತನಕ ನಮ್ಮ ನೆಲ ಒಣಗಿ ಅದು ಕೆಲಸ ಮಾಡುವುದನ್ನೇ ಬಿಡುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಹೊಸ ಮನೆಗೆ ಬಂದ ಮೇಲೆ ಆ ಪೈಪು ಎಲ್ಲಿದೆಯೆಂದೇ ಮರೆತವರು ಅನೇಕರು.

## ಮುಚ್ಚಳ ತೆಗೆದ ಮೇಲೆ

ಸ್ಟಾಟಿಕ್ ಸ್ಟಾಟಿಕ್ ಅಂತಾರಲ್ಲ, ಕೈಗೆ ಪಟ್ಟಿ ಕಟ್ಟಿಕೊಳ್ಳಲೇಬೇಕಾ?

ಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಈ ಅಭ್ಯಾಸ ಸಾಕು: ಡಿಸ್ಕ್ ಮುಟ್ಟುವ ಮುಂಚೆ, ಮತ್ತು ಎದ್ದು ಹೋಗಿ ಬಂದಾಗಲೆಲ್ಲ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಬರಿಗೈಯಲ್ಲಿ ಮುಟ್ಟಿ. ಫೆಬ್ರುವರಿಯಿಂದ ಮೇವರೆಗೆ ನಮ್ಮ ಗಾಳಿ ಒಣಗಿರುತ್ತದೆ, ಮೈಮೇಲಿನ ಸ್ಥಿರ ವಿದ್ಯುತ್ ತಾನಾಗಿ ಇಳಿಯುವುದಿಲ್ಲ. ಕೈಗೆ ಚಟ್ ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪುಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಸಾಯಬಲ್ಲವು, ಹಾಗಾಗಿ ಏನೂ ಅನ್ನಿಸಲಿಲ್ಲವೆಂದು ಧೈರ್ಯ ಬೇಡ. ಪಾಲಿಯೆಸ್ಟರ್ ಬಟ್ಟೆ ಬಿಟ್ಟು ಹತ್ತಿ ಬಟ್ಟೆ ಹಾಕಿಕೊಳ್ಳಿ. ಡಿಸ್ಕನ್ನು ಅದರ ಬೆಳ್ಳಿಬಣ್ಣದ ಚೀಲದಿಂದ ಕೊನೆಗಳಿಗೆಯಲ್ಲಿ ತೆಗೆಯಿರಿ, ಅಂಚು ಹಿಡಿಯಿರಿ, ಅಡಿಯ ಹಸಿರು ಬೋರ್ಡಿಗೆ ಬೆರಳು ತಾಗದಿರಲಿ.

ಏನ್ ಮೊದಲು, ಏನ್ ಆಮೇಲೆ? ಬಿಡಿಸಿ ಹೇಳ್ರಿ.

ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಬರೀ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಅರೆನಿದ್ದೆಯಲ್ಲಿ ಉಳಿದು ಹಳೆಯ ಸ್ಥಿತಿಯನ್ನೇ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ ಪವರ್ ಕಾರ್ಡನ್ನು ಕಿತ್ತೇ ಬಿಡಿ. ಗೋಡೆಯ ಸ್ವಿಚ್ ಆರಿಸಿದರೆ ಸಾಕು ಅನ್ನುವುದು ನಂಬುವಂಥದ್ದಲ್ಲ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಸ್ವಿಚ್ ಆಫ್ ಇದ್ದರೂ ಫೇಸ್ ಒಳಗೇ ಇರುತ್ತದೆ. ಕಾರ್ಡ್ ಕಿತ್ತ ಮೇಲೆ ಮುಂದಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದದ್ದು ಇಳಿಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಎದುರು ನಿಂತು ನೋಡಿದರೆ ಎಡಗಡೆಯ ಮುಚ್ಚಳ ತೆಗೆಯಿರಿ. ತೋರಣಗಲ್ಲು, ಸಂಡೂರು, ಗಿಣಿಗೇರಾ ಕಡೆಯ ಕಂಪ್ಯೂಟರಾದರೆ ಒಳಗೆ ಕೆಂಪು ಇಲ್ಲವೇ ಕರಿ ಧೂಳಿನ ಪದರವೇ ಇರುತ್ತದೆ. ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ, ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಒದ್ದೆ ಬಟ್ಟೆ ಬೇಡ. ಹೊಸ ಡಿಸ್ಕ್ ಚೀಲದಿಂದ ಹೊರಬರುವುದು ಧೂಳು ತೆಗೆದಾದ ಮೇಲೆ.

ಡಿಸ್ಕಿನ ಪಿನ್ನುಗಳು ಬೋರ್ಡಿನ ಕಡೆ ಬರುವಂತೆ ಗೂಡಿಗೆ ಜಾರಿಸಿ. ಹಳೆಯ ಡಿಸ್ಕಿನ ಪಕ್ಕದ ಗೂಡೇ ಬೇಡ, ನಡುವೆ ಒಂದು ಖಾಲಿ ಬಿಟ್ಟರೆ ಗಾಳಿ ಆಡುತ್ತದೆ. ಎರಡೂ ಬದಿಗೆ ಎರಡೆರಡು ಸ್ಕ್ರೂ, ಕೈಬಿಗಿಗೆ ನಿಲ್ಲಿಸಿ. ಎರಡೇ ಸ್ಕ್ರೂ ಹಾಕಿ ಬಿಟ್ಟರೆ ಡಿಸ್ಕ್ ಅದುರುತ್ತದೆ, ಸಪ್ಪಳವೂ ಹೆಚ್ಚು. ಡಿಸ್ಕಿನ ಮೈಮೇಲೆ ಮುಚ್ಚಬಾರದೆಂದು ಬರೆದಿರುವ ಸಣ್ಣ ತೂತಿದ್ದರೆ ಅದರ ಮೇಲೆ ಟೇಪ್, ಸ್ಟಿಕ್ಕರ್ ಅಂಟಿಸಬೇಡಿ. ಡೇಟಾ ಕೇಬಲ್, ಪವರ್ ಕೇಬಲ್ ಎರಡಕ್ಕೂ ಒಳಗೆ ಮೊಣಕೈ ಆಕಾರದ ಗುರುತಿದೆ, ಒಂದೇ ದಿಕ್ಕಿನಲ್ಲಿ ಕೂರುತ್ತವೆ. ನೇರವಾಗಿ ಒತ್ತಿ. ಓರೆಯಾಗಿ ಒತ್ತಿದರೆ ಡಿಸ್ಕಿನ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ಅದು ಮುರಿದರೆ ರಿಪೇರಿ ಕಷ್ಟ.

ಮುಚ್ಚಳ ಹಾಕುವ ಮುಂಚೆ ಹಳೆಯ ಡಿಸ್ಕಿನ ಕೇಬಲ್ಲುಗಳನ್ನು ಒಮ್ಮೆ ಒತ್ತಿ ನೋಡಿ, ಫ್ಯಾನಿಗೆ ಯಾವ ವೈರೂ ತಾಗುತ್ತಿಲ್ಲವೆಂದು ನೋಡಿ. ಚಾಲೂ ಮಾಡಿ ಪರೀಕ್ಷಿಸಿದ ಮೇಲೆ ಮುಚ್ಚಿ.

ಡಬ್ಬ್ಯಾಗ ಎರಡು ಥರ ಸ್ಕ್ರೂ ಅದಾವ. ಯಾವುದು ಯಾವುದಕ್ಕ?

ಎಳೆ ದಪ್ಪ ಇರುವ 6-32 ಸ್ಕ್ರೂ 3.5 ಇಂಚಿನ ಹಾರ್ಡ್ ಡಿಸ್ಕಿಗೆ. ಎಳೆ ಸಣ್ಣಗಿರುವ ಎಂ3 ಸ್ಕ್ರೂ 2.5 ಇಂಚಿನ ಎಸ್‌ಎಸ್‌ಡಿಗೆ. ದಪ್ಪ ಎಳೆಯದನ್ನು ಎಸ್‌ಎಸ್‌ಡಿಗೆ ಬಲವಾಗಿ ತಿರುಗಿಸಿದರೆ ತೂತಿನ ಎಳೆ ಹೋಗುತ್ತದೆ. ಮೊದಲ ಎರಡು ಸುತ್ತು ಬೆರಳಲ್ಲೇ ತಿರುಗಬೇಕು, ಇಲ್ಲವಾದರೆ ಅದು ಆ ತೂತಿನ ಸ್ಕ್ರೂ ಅಲ್ಲ.

ಪವರ್ ಪಿನ್ ಉಳಿದಿಲ್ಲ. ಹಳೇ ನಾಲ್ಕು ಪಿನ್ನಿನದಕ್ಕ ಕನ್ವರ್ಟರ್ ಹಾಕಿದ್ರ ನಡಿತೈತಾ?

ನಡೆಯುತ್ತದೆ, ಆದರೆ ಕನ್ವರ್ಟರ್ ಆರಿಸುವುದರಲ್ಲಿ ಬೆಂಕಿಯ ಮಾತಿದೆ. ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ ಸಾಟಾ ತಲೆ ಇಡಿಯಾಗಿ ಎರಕ ಹೊಯ್ದಂತಿರುತ್ತದೆ, ವೈರುಗಳು ಪ್ಲಾಸ್ಟಿಕ್ಕಿನೊಳಗೆ ಮಾಯವಾಗುತ್ತವೆ. ಎರಕದಲ್ಲಿ ವೈರುಗಳು ಸರಿದು ಹತ್ತಿರ ಬಂದಿದ್ದರೆ, ಕಾಲಕ್ರಮೇಣ 12 ವೋಲ್ಟಿನ ಹಳದಿ ವೈರ್ ಪಕ್ಕದ್ದಕ್ಕೆ ತಾಗಿ ತಲೆ ಕರಗುತ್ತದೆ, ಹೊತ್ತಿಕೊಂಡದ್ದೂ ಉಂಟು. ಇನ್ನೊಂದರಲ್ಲಿ ತಲೆಯ ಹಿಂದೆ ಮುಚ್ಚಳ ಇದ್ದು, ಪ್ರತಿ ವೈರೂ ತನ್ನ ಸಾಲಿನಲ್ಲಿ ಬೇರೆ ಬೇರೆಯಾಗಿ ಕೂತದ್ದು ಕಣ್ಣಿಗೆ ಕಾಣುತ್ತದೆ. ಇದನ್ನೇ ಕೇಳಿ ತನ್ನಿ.

ಕೇಬಲ್ ಕಿತ್ತು ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ನಿಮ್ಮದಾದರೆ, ಅದರ ಜೊತೆ ಬಂದ ಕೇಬಲ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ವೈರುಗಳ ಕ್ರಮ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. 5 ವೋಲ್ಟಿನ ಕಡೆಗೆ 12 ವೋಲ್ಟ್ ಹೋದರೆ ಜೋಡಿಸಿದ ಎಲ್ಲ ಡಿಸ್ಕುಗಳೂ ಒಂದೇ ಗಳಿಗೆಯಲ್ಲಿ ಸುಡುತ್ತವೆ.

ಇನ್ನೊಂದು ಡಿಸ್ಕಿಗೆ ನಮ್ಮ ಎಸ್‌ಎಂಪಿಎಸ್ ತಡೀತೈತಾ?

3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡ್ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆಮೇಲೆ ಓಡಲು 5ರಿಂದ 8 ವ್ಯಾಟ್ ಸಾಕು. ಎಸ್‌ಎಸ್‌ಡಿಗೆ ಇನ್ನೂ ಕಡಿಮೆ. ನೆಟ್ಟಗಿರುವ ಎಸ್‌ಎಂಪಿಎಸ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹಳೆಯ, ಅಗ್ಗದ ಎಸ್‌ಎಂಪಿಎಸ್ ಇದ್ದು, ಹೊಸ ಡಿಸ್ಕ್ ಹಾಕಿದಂದಿನಿಂದ ಒಂದೇ ಸಲಕ್ಕೆ ಚಾಲೂ ಆಗುತ್ತಿಲ್ಲ ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ ಎಂದರೆ ಬದಲಿಸುವ ಕಾಲ ಬಂದಿದೆ.

ಕಂಪ್ಯೂಟರ್ ಚಾಲೂ ಇರುವಾಗಲೇ ಹಾಕಿದ್ರ?

ಹಾಕಬೇಡಿ. ಸಾಟಾದಲ್ಲಿ ಅದಕ್ಕೆ ಅವಕಾಶ ಇದ್ದರೂ, ತಿರುಗುತ್ತಿರುವ ಪಕ್ಕದ ಡಿಸ್ಕ್ ಅಲುಗಿದರೂ ಸಾಕು, ಹಾನಿ ಅದಕ್ಕಾಗುತ್ತದೆ.

## ಚಾಲೂ ಮಾಡಿದ ಮೇಲೆ

ಹಾಕೀನಿ, ಆದ್ರ ಮೈ ಕಂಪ್ಯೂಟರ್‌ನಾಗ ಕಾಣವಲ್ದು!

ಹೊಸ ಡಿಸ್ಕ್ ಅಲ್ಲಿ ಕಾಣದಿರುವುದೇ ಸಹಜ, ಗಾಬರಿ ಬೇಡ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇನಿಷಿಯಲೈಸ್ ಮಾಡಲೇ, ಅಂದರೆ ಡಿಸ್ಕನ್ನು ಬಳಕೆಗೆ ಸಿದ್ಧಮಾಡಲೇ, ಎಂದು ಕೇಳುತ್ತದೆ. ಡಿಸ್ಕಿನ ಗಾತ್ರ ನೋಡಿ ಇದೇ ಹೊಸದೆಂದು ಖಚಿತ ಮಾಡಿಕೊಂಡು ಜಿಪಿಟಿ ಆರಿಸಿ. ಜಿಪಿಟಿ, ಎಂಬಿಆರ್ ಎನ್ನುವುದು ಡಿಸ್ಕಿನ ಜಾಗ ಹಂಚುವ ಎರಡು ಪದ್ಧತಿ. ಎಂಬಿಆರ್ ಆರಿಸಿದರೆ 2 ಟಿಬಿಗಿಂತ ಆಚೆಯ ಜಾಗ ಬಳಕೆಗೆ ಬರುವುದಿಲ್ಲ. ಕರಿ ಪಟ್ಟಿಯ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. ಹೆಸರು ಗುರುತಾಗುವಂತೆ ಕೊಡಿ.

ಮೊದಲೇ ಡೇಟಾ ಇದ್ದ ಡಿಸ್ಕ್ ಆದರೆ ಇನಿಷಿಯಲೈಸ್ ಕೇಳಿದರೂ ಫಾರ್ಮ್ಯಾಟ್ ಕೇಳಿದರೂ ಕ್ಯಾನ್ಸಲ್ ಒತ್ತಿ. ಸಿಸಿಟಿವಿಯ ಡಿವಿಆರ್‌ನಿಂದ (ರೆಕಾರ್ಡ್ ಮಾಡುವ ಡಬ್ಬಿ) ತೆಗೆದ ಡಿಸ್ಕುಗಳನ್ನೂ ವಿಂಡೋಸ್ ಓದಲಾರದೆ ಹೀಗೇ ಕೇಳುತ್ತದೆ. ರೆಕಾರ್ಡಿಂಗ್ ಬೇಕಿದ್ದರೆ ಮರಳಿ ಡಿವಿಆರ್‌ಗೇ ಹಾಕಿ ತೆಗೆದುಕೊಳ್ಳಿ.

ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೂ ಇಲ್ಲವೇ? ಬಯಾಸ್‌ನಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಡೇಟಾ ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ. ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಇರುವ ಕೆಲವು ಬೋರ್ಡುಗಳಲ್ಲಿ ಒಂದೆರಡು ಸಾಟಾ ಪೋರ್ಟ್ ತಾನಾಗಿ ನಿಂತುಹೋಗುತ್ತವೆ, ಯಾವುವೆಂದು ಬೋರ್ಡಿನ ಮ್ಯಾನುವಲ್‌ನಲ್ಲಿದೆ. ಡಿಸ್ಕ್ ತಿರುಗುವುದೇ ಇಲ್ಲ, ಅದೂ ಹೊರಗಿನ ಡಬ್ಬಿಯಿಂದ ಬಿಚ್ಚಿದ ದೊಡ್ಡ ಡಿಸ್ಕ್ ಎಂದಾದರೆ, ಪವರ್ ಸಾಲಿನ ಮೂರನೇ ಪಿನ್ನಿಗೆ ಬರುವ 3.3 ವೋಲ್ಟ್ ಅದನ್ನು ತಡೆದಿರಬಹುದು. ಮೇಲೆ ಹೇಳಿದ ನಾಲ್ಕು ಪಿನ್ನಿನ ಒಳ್ಳೆಯ ಕನ್ವರ್ಟರಿನಲ್ಲಿ ಆ ವೋಲ್ಟ್ ಬರುವುದೇ ಇಲ್ಲ, ಡಿಸ್ಕ್ ಎದ್ದೇಳುತ್ತದೆ.

1 ಟಿಬಿ ತಗೊಂಡೀನಿ, 931 ಅಂತ ತೋರಸ್ತೈತಿ. ಮೋಸ ಆತೇನ್ರಿ?

ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 2 ಟಿಬಿ 1863 ಎಂದು ಕಾಣುತ್ತದೆ.

ಎರಡನೇದು ಹಾಕಿದ ಮೇಲೆ ವಿಂಡೋಸೇ ಚಾಲೂ ಆಗವಲ್ದು.

ಹೊಸದರ ಕೇಬಲ್ ಕಿತ್ತು ನೋಡಿ. ಆಗ ಚಾಲೂ ಆದರೆ, ಬಯಾಸ್‌ನ ಬೂಟ್ ಕ್ರಮದಲ್ಲಿ ಹಳೆಯ ಡಿಸ್ಕನ್ನು, ಅಂದರೆ ವಿಂಡೋಸ್ ಬೂಟ್ ಮ್ಯಾನೇಜರ್ ಎಂದಿರುವುದನ್ನು, ಮೊದಲಿಗೆ ತನ್ನಿ. ಆಗದಿದ್ದರೆ ಹಳೆಯದರ ಕೇಬಲ್ಲೇ ಸಡಿಲವಾಗಿದೆ. ಬಯಾಸ್‌ಗೆ ಹೋದಾಗ ಸಾಟಾ ಮೋಡ್ ಎಂಬ ಸೆಟ್ಟಿಂಗನ್ನು ಮುಟ್ಟಬೇಡಿ. ಎಎಚ್‌ಸಿಐ ಇದ್ದದ್ದನ್ನು ರೇಡ್ ಮಾಡಿದರೆ ನೀಲಿ ಪರದೆ ಬರುತ್ತದೆ. ಆಗಿಹೋಗಿದ್ದರೆ ಮೊದಲಿದ್ದಂತೆ ಮಾಡಿ, ಸರಿಹೋಗುತ್ತದೆ.

ನಮ್ಮ ರಾಯಚೂರು ಬಿಸಿಲಿಗೆ ಡಿಸ್ಕ್ ಎಷ್ಟು ಬಿಸಿ ಆದ್ರ ನಡೀತೈತಿ?

ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕಿಗೆ ತಯಾರಕರು ಕೊಡುವ ಮೇಲ್ಮಿತಿ 60 ಡಿಗ್ರಿ. 45ರ ಒಳಗಿದ್ದರೆ ನೆಮ್ಮದಿ. ಏಪ್ರಿಲ್, ಮೇನಲ್ಲಿ ಕೋಣೆಯೇ 40 ದಾಟಿದಾಗ ಡಿಸ್ಕ್ 50ರ ಮೇಲೆ ಹೋಗುವುದು ಸುಲಭ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಡಿಸ್ಕಿನ ಎದುರಿಗೇ, ಗಾಳಿ ಒಳಗೆಳೆಯುವ 120 ಮಿಲಿಮೀಟರಿನ ಒಂದು ಫ್ಯಾನ್ ಹಾಕಿದರೆ ಬಹಳ ವ್ಯತ್ಯಾಸ ಕಾಣುತ್ತದೆ. ಟೇಬಲ್ಲಿನ ಮುಚ್ಚಿದ ಖಾನೆಯಿಂದ ಸಿಪಿಯು ಹೊರಗೆ ಬರಲಿ. ಡಿಸ್ಕ್ ಪೂರ್ತಿ ನಕಲು ಮಾಡುವಂಥ ತಾಸುಗಟ್ಟಲೆ ಕೆಲಸವನ್ನು ಮಧ್ಯಾಹ್ನ ಬಿಟ್ಟು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಕರೆಂಟ್ ಹೋಗಿ ಬರ್ತಾ ಇರ್ತೈತಿ. ಮನೆಗೆ ಇನ್ವರ್ಟರ್ ಐತಿ, ಸಾಕಲ್ಲ?

ಇನ್ವರ್ಟರಿನ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇದೆಯೇ ನೋಡಿ, ಯುಪಿಎಸ್ ಕಡೆ ಇಡಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತಾನೇ ತಡೆದುಕೊಳ್ಳುವುದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ನಾರ್ಮಲ್‌ನಲ್ಲಿ ಅಷ್ಟರೊಳಗೆ ಬದಲಾಗುವ ಖಾತ್ರಿ ಇಲ್ಲ. ಈಗಿನ ಡಿಸ್ಕುಗಳು ಕರೆಂಟ್ ಹೋದೊಡನೆ ಓದುವ, ಬರೆಯುವ ತಲೆಯನ್ನು ತಾವೇ ಪಕ್ಕಕ್ಕೆ ಸರಿಸಿಕೊಳ್ಳುತ್ತವೆ. ಹಾಳಾಗುವುದು ಆಗ ಬರೆಯುತ್ತಿದ್ದ ಫೈಲ್, ಕೆಲವೊಮ್ಮೆ ಇಡೀ ಪಾರ್ಟಿಷನ್, ಅಂದರೆ ಡಿಸ್ಕಿನ ಒಂದಿಡೀ ಭಾಗ. ಪಾರ್ಟಿಷನ್ ಹಿಗ್ಗಿಸುವುದು, ಕುಗ್ಗಿಸುವುದು, ಕ್ಲೋನ್ ಮಾಡುವುದು (ಡಿಸ್ಕನ್ನು ಇದ್ದಂತೆ ನಕಲು ಮಾಡುವುದು), ಇವನ್ನು ಬ್ಯಾಟರಿ ಸರಿಯಿರುವ ಯುಪಿಎಸ್ ಇಲ್ಲದೆ ಶುರುಮಾಡಬೇಡಿ.

## ಇನ್ನೂ ಆಳಕ್ಕಿಳಿಯುವವರಿಗೆ

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೇದನ್ನ ಸ್ಟೋರೇಜಿಗೆ ಇಟ್ಕೋಬೇಕು. ಹೆಂಗ್?

ಹೊಸದಾಗಿ ವಿಂಡೋಸ್ ಹಾಕುವುದಾದರೆ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ, ಉಳಿದೆಲ್ಲದರ ಕೇಬಲ್ ಕೀಳಿರಿ. ಎರಡೂ ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೆಯ ಡಿಸ್ಕಿನಲ್ಲೇ ಇಡಬಹುದು. ಮುಂದೆಂದೋ ಹಳೆಯದನ್ನು ತೆಗೆದ ದಿನ ಕಂಪ್ಯೂಟರ್ ಚಾಲೂ ಆಗುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಯಂತ್ರ ತಾಳುವುದಾದರೆ 11 ಹಾಕಿ.

ಇದ್ದದ್ದನ್ನು ಇದ್ದಂತೆ ಸಾಗಿಸಬೇಕಾದರೆ ಕ್ಲೋನೆಝಿಲ್ಲಾದಂಥ ಉಚಿತ ತಂತ್ರಾಂಶ ಇದೆ. ಎಲ್ಲಿಂದ ಎಲ್ಲಿಗೆ ಎಂದು ಆರಿಸುವಾಗ ಡಿಸ್ಕಿನ ಮಾಡೆಲ್ ನಂಬರ್ ಓದಿ. ತಿರುವುಮುರುವಾದರೆ ಖಾಲಿ ಡಿಸ್ಕೇ ತುಂಬಿದ್ದರ ಮೇಲೆ ನಕಲಾಗುತ್ತದೆ. ಕ್ಲೋನ್ ಮುಗಿದ ಮೇಲೆ ಮೊದಲ ಸಲ ಹೊಸದೊಂದನ್ನೇ ಇಟ್ಟು ಚಾಲೂ ಮಾಡಿ. ಎರಡರ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ಒಟ್ಟಿಗೆ ಇಟ್ಟರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ವಾರ, ಹತ್ತು ದಿನ ಹೊಸದು ಸರಿಯಾಗಿ ಓಡಲಿ. ಹಳೆಯದನ್ನು ಫಾರ್ಮ್ಯಾಟ್ ಮಾಡುವುದು ಆಮೇಲೆ.

ಹಳೇ ಕಂಪ್ಯೂಟರಿನ ಡಿಸ್ಕ್ ಹಾಕಿದ್ರ ಡ್ರೈವ್ ಕಾಣ್ತೈತೆ, ಫೋಲ್ಡರ್ ಮಾತ್ರ ತೆರೀತಿಲ್ಲ.

ಅವು ಹಳೆಯ ಯಂತ್ರದ ಬಳಕೆದಾರರ ಹೆಸರಿನಲ್ಲಿವೆ. ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಖಾತೆ ಹಾಕಿ. ನಿಮಗೆ ಬೇಕಾದ ಫೋಲ್ಡರಿಗೆ ಮಾತ್ರ ಮಾಡಿ, ಇಡೀ ಡ್ರೈವಿಗೆ ಬೇಡ. ಡ್ರೈವಿನ ಮೇಲೆ ಬೀಗದ ಚಿತ್ರ ಇದ್ದರೆ ಇದು ನಡೆಯುವುದಿಲ್ಲ, ಹಳೆಯ ಯಂತ್ರದ ರಿಕವರಿ ಕೀ ಬೇಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಾಗ ಅಷ್ಟೊಂದು ಸಾಲು ಅದಾವ. ಯಾವುದು ನೋಡಬೇಕು?

ಹಾರ್ಡ್ ಡಿಸ್ಕಿನಲ್ಲಿ 05, ಸಿ5, ಸಿ6, ಈ ಮೂರು ಸಾಲುಗಳ ಕಚ್ಚಾ ಅಂಕಿ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. 05 ಎಂದರೆ ಕೆಟ್ಟು ಬದಲಾಯಿಸಿದ ಜಾಗ. ಸಿ5 ಓದಲು ಅನುಮಾನವಿರುವ ಜಾಗ, ಸಿ6 ಓದಲಾಗದೇ ಹೋದದ್ದು. ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡೇಟಾ ತೆಗೆದುಕೊಂಡು ಡಿಸ್ಕಿಗೆ ವಿದಾಯ ಹೇಳಿ. ಸಿ7, ಅಂದರೆ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ, ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಮತ್ತೆ ಏರದಿದ್ದರೆ ಸಾಕು. ಅಂಕಿಗಳು ಹದಿನಾರರ ಲೆಕ್ಕದಲ್ಲಿ ಕಾಣುತ್ತಿದ್ದರೆ ಮೆನುವಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ.

ಎರಡು ಡಿಸ್ಕ್ ರೇಡ್ ಮಾಡಿದ್ರ ಬ್ಯಾಕಪ್ ಬೇಕಿಲ್ಲಂತ. ನಿಜಾನಾ?

ನಿಜವಲ್ಲ. ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದರಂತೆ ಜೋಡಿಸುವುದು. ಎರಡರಲ್ಲೂ ಒಂದೇ ಡೇಟಾ ಬರೆಯುವ ರೇಡ್ 1ರಲ್ಲಿ ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲುವುದಿಲ್ಲ, ಅಷ್ಟೇ ಅದರ ಲಾಭ. ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಅಳಿಯುತ್ತದೆ, ವೈರಸ್ ಎರಡನ್ನೂ ಹಿಡಿಯುತ್ತದೆ, ಸಿಡಿಲು ಬಡಿದ ವೋಲ್ಟೇಜ್ ಎರಡನ್ನೂ ಸುಡುತ್ತದೆ. ಎರಡನೇ ಡಿಸ್ಕನ್ನು ಒಳಗೇ ಇಟ್ಟು ನಕಲು ಮಾಡುವವರಿಗೂ ಇದೇ ಮಾತು. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ, ಕೇಬಲ್ ಕಿತ್ತು, ಬೇರೆ ಮನೆಯಲ್ಲಿರಲಿ.

ಟಕ್ ಟಕ್ ಅಂತ ಸಪ್ಪಳ ಬರಾಕತೈತಿ. ಡೇಟಾ ಬೇಕೇ ಬೇಕು, ಏನ್ ಮಾಡ್ಲಿ?

ಈಗಲೇ ಆಫ್ ಮಾಡಿ. ಒಂದೇ ಲಯದಲ್ಲಿ ಟಕ್ ಟಕ್ ಬರುತ್ತಿದ್ದರೆ ಓದುವ ತಲೆ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ತಿರುಗಿ ಬರುತ್ತಿದೆ ಎಂದರ್ಥ. ಓಡಿಸಿದಷ್ಟೂ ತಟ್ಟೆಯ ಮೇಲೆ ಗೀರು ಬೀಳುವ ಅಪಾಯ ಹೆಚ್ಚು. ಚೆಕ್ ಡಿಸ್ಕ್ ಹಾಕಬೇಡಿ, ಫ್ರಿಜ್ಜಿನಲ್ಲಿ ಇಡಬೇಡಿ, ಮುಚ್ಚಳ ತೆರೆಯಬೇಡಿ. ನಮ್ಮ ಗಾಳಿಯ ಒಂದು ಕಣ ಧೂಳು ಸಾಕು ತಟ್ಟೆ ಹಾಳಾಗಲು. ಪವರ್ ಕೇಬಲ್ ಸಡಿಲವಾಗಿದ್ದರೂ ಇಂಥ ಸಪ್ಪಳ ಬರುವುದುಂಟು, ಹಾಗಾಗಿ ಬೇರೆ ಕೇಬಲ್ಲಿನಲ್ಲಿ ಒಂದೇ ಒಂದು ಸಲ ನೋಡಬಹುದು. ನಿಲ್ಲದಿದ್ದರೆ ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಸುತ್ತ ಎರಡಿಂಚು ಸ್ಪಂಜ್ ಇಟ್ಟು, ಸ್ವಚ್ಛ ಕೋಣೆ ಇರುವ ಡೇಟಾ ರಿಕವರಿ ಲ್ಯಾಬಿಗೆ ಕಳಿಸಿ. ಜೊತೆಗೊಂದು ಚೀಟಿ ಇಡಿ: ಸಪ್ಪಳ ಯಾವಾಗ ಶುರುವಾಯಿತು, ಆಮೇಲೆ ಎಷ್ಟು ಸಲ ಚಾಲೂ ಮಾಡಿದಿರಿ, ಯಾವ ಫೋಲ್ಡರ್ ಮೊದಲು ಬೇಕು.